ಭತ್ತದ ಗರಿ ಸುತ್ತೋ ಹುಳ, ಹಿಪ್ಪುನೇರಳೆ ಕುಡಿ ಸುತ್ತೋ ಹುಳ: ಎರಡೂ ಒಂದೇನಾ?

ಬದದಾಚೆ
ಮಳವಳ್ಳಿ ಕಡೆ, ನಾಲೆ ನೀರು. ಬದದ ಈಚೆಗೆ ಅರ್ಧ ಎಕರೆ ವಿ-1 ತಳಿ ಹಿಪ್ಪುನೇರಳೆ, ಕಟಾವಾಗಿ 24 ದಿನ. ಆಚೆಗೆ ಮುಕ್ಕಾಲು ಎಕರೆ ಭತ್ತ, ನಾಟಿಯಾಗಿ 32 ದಿನ. ಸೊಪ್ಪಿನ ಕುಡಿ ಎಲೆಗಳು ಮುದುಡಿವೆ. ಭತ್ತದ ಗರಿಗಳು ಉದ್ದಕ್ಕೆ ಮಡಿಚ್ಕೊಂಡು ಬಿಳಿ ಗೆರೆ ಬಿದ್ದಿವೆ. ಔಷಧಿ ಅಂಗಡೀಲಿ "ಎರಡೂ ಎಲೆ ಸುರುಳಿ ಹುಳುನೇ, ಅಲ್ಲಿಂದ ಇಲ್ಲಿಗೆ ಹಾರಿದೆ, ಒಂದೇ ಬಾಟಲಿ ಸಾಕು" ಅಂತ 60 ಎಂಎಲ್ ಕ್ಲೋರಾಂಟ್ರನಿಲಿಪ್ರೋಲ್ ಕೊಟ್ಟಿದಾರೆ. ಸೊಪ್ಪು ಬಂದ ಮೇಲೆ ಚಾಕಿ ಹುಳು (ಎಳೇ ರೇಷ್ಮೆ ಹುಳು) ತರೋದಿದೆ. ಒಂದೇ ಹುಳನಾ? ಹೊಡೀಲಾ?

ಚಾಕಿಮನೆ
ಮುಚ್ಚಳ ತೆಗೀಬೇಡಿ ಅಣ್ಣ. ಆ ಔಷಧಿ ಪತಂಗದ ಮರಿಹುಳುಗಳನ್ನ ಕೊಲ್ಲೋಕೆ ಅಂತಲೇ ಮಾಡಿರೋದು. ರೇಷ್ಮೆ ಹುಳು ಏನು? ಅದೂ ಪತಂಗದ ಮರಿಹುಳುವೇ. ಸೊಪ್ಪಿನ ಮೇಲೆ ಬಿದ್ದರೆ ವಾರ ಹದಿನೈದು ದಿನದಲ್ಲಿ ಹೋಗೋ ಪೈಕಿ ಅಲ್ಲ. ಎಲೆ ಒಳಕ್ಕೆ ಇಳಿದು ನಿಲ್ಲುತ್ತೆ. ಹುಳು ಸೊಪ್ಪು ಬಿಟ್ಟು ಮೈ ಸುಕ್ಕಿಸಿಕೊಂಡು ತಟ್ಟೇಲೇ ಮಲಗುತ್ತೆ.

ಗರಿ_ಎಣಿಕೆ
ಒಂದೇ ಹುಳ ಅಲ್ಲ. ಭತ್ತದ್ದು ನಫಾಲೊಕ್ರೊಸಿಸ್ ಮೆಡಿನಾಲಿಸ್. ಹಿಪ್ಪುನೇರಳೆಯದು ಡಯಾಫಾನಿಯಾ ಪಲ್ವೆರುಲೆಂಟಾಲಿಸ್, ಈಗಿನವರು ಗ್ಲೈಫೋಡಿಸ್ ಅಂತ ಬರೀತಾರೆ. ಕುಟುಂಬ ಒಂದೇ, ಕ್ರಾಂಬಿಡೇ. ಆದರೆ ಭತ್ತದ್ದು ಹುಲ್ಲು ಜಾತಿ ಬಿಟ್ಟು ಬೇರೆಯದರಲ್ಲಿ ಬದುಕಲ್ಲ, ಸೊಪ್ಪಿನದು ಹಿಪ್ಪುನೇರಳೆ ಬಿಟ್ಟು ಗದ್ದೆಗೆ ಇಳಿಯಲ್ಲ. ಬದ ದಾಟಿ ಹಾರಿದೆ ಅನ್ನೋ ಮಾತು ಸುಳ್ಳು.

ಕಾಲುವೆ ಕೊನೆ
ಹುಳಕ್ಕೆ ಹಸಿವಾದ್ರೆ ಹುಲ್ಲೇನು ಸೊಪ್ಪೇನು ಸಾರ್, ಎದುರಿಗೆ ಸಿಕ್ಕಿದ್ದು ತಿನ್ನುತ್ತೆ.

ಪತಂಗಪಟ್ಟಿ
ತಿನ್ನಲ್ಲ. ಹೆಣ್ಣು ಪತಂಗ ಕಾಲಿನಿಂದ, ಮೀಸೆಯಿಂದ ಎಲೆಯ ರುಚಿ ವಾಸನೆ ನೋಡಿಯೇ ಮೊಟ್ಟೆ ಇಡೋದು. ಮೊಟ್ಟೆಯಿಂದ ಬಂದ ಮರಿ ದಾರದಷ್ಟು ಸಣ್ಣ, ಬೇರೆ ಗಿಡ ಹುಡುಕಿಕೊಂಡು ಹೋಗುವ ತಾಕತ್ತು ಅದಕ್ಕಿಲ್ಲ. ತಾಯಿ ಇಟ್ಟ ಗಿಡದಲ್ಲೇ ಬದುಕಬೇಕು, ಇಲ್ಲ ಸಾಯಬೇಕು.

ಆದರೆ ಕಾಲುವೆ ಕೊನೆಯವರ ಮಾತನ್ನ ಪೂರ್ತಿ ತಳ್ಳಿಹಾಕೋಕೂ ಆಗಲ್ಲ. ಎಲ್ಲ ಬಗೆಯದನ್ನೂ ತಿನ್ನುವ ಎಲೆ ಸುರುಳಿ ಹುಳುಗಳೂ ಇವೆ. ಆಸ್ಟ್ರೇಲಿಯಾ ಮೂಲದ ಎಪಿಫಿಯಾಸ್ ಪೋಸ್ಟ್‌ವಿಟ್ಟಾನಾ ಸೇಬು, ದ್ರಾಕ್ಷಿ, ಕಿತ್ತಳೆ, ಗುಲಾಬಿ ಅಂತ ನೂರಾರು ಜಾತಿಯ ಗಿಡ ತಿನ್ನುತ್ತೆ. 2007ರಲ್ಲಿ ಅದು ಕ್ಯಾಲಿಫೋರ್ನಿಯಾದಲ್ಲಿ ಇದೆ ಅಂತ ಖಚಿತವಾದಾಗ ದೊಡ್ಡ ಗಲಾಟೆಯೇ ಆಯ್ತು. ಅದು ಟಾರ್ಟ್ರಿಸಿಡೇ ಕುಟುಂಬ. ಹೆಸರಿಗೆ ತಕ್ಕ ಎಲೆ ಸುರುಳಿ ಕುಟುಂಬ ಅಂದರೆ ಅದೇ. ನಮ್ಮ ಗದ್ದೆಯದು, ಸೊಪ್ಪಿನದು ಎರಡೂ ಆ ಕುಟುಂಬದವಲ್ಲ, ಎರಡೂ ತಮಗೆ ಬೇಕಾದ ಗಿಡ ಮಾತ್ರ ಆರಿಸಿ ತಿನ್ನೋವು.

ಕಾಲುವೆ ಕೊನೆ
ಸರಿ, ಒಪ್ಪಿದೆ. ಮತ್ತೆ ಎರಡಕ್ಕೂ ಯಾಕೆ ಒಂದೇ ಹೆಸರು ಇಟ್ಟರು ಮಾರಾಯ್ರೆ, ತಲೆ ಕೆಡ್ಸೋಕೆ?

ಗರಿ_ಎಣಿಕೆ
ಹೆಸರು ಕೆಲಸಕ್ಕೆ ಇಟ್ಟಿದ್ದು, ಹುಳಕ್ಕಲ್ಲ. ನೂಲು ಬಿಟ್ಟು ಎಲೆ ಮಡಚಿ ಒಳಗೆ ಕೂತು ತಿನ್ನೋದೆಲ್ಲ ಎಲೆ ಸುರುಳಿ. ಅಂಗಡಿಯವರು ಹೆಸರು ನೋಡಿ ಔಷಧಿ ಕೊಡ್ತಾರೆ, ತೊಂದರೆ ಅಲ್ಲೇ.

ಚಾಕಿಮನೆ
@ಬದದಾಚೆ ಮೊದಲು ಒಂದು ಮಾತು. ಕುಡಿ ಮುದುಡಿದ್ದೆಲ್ಲ ಹುಳ ಅಲ್ಲ. ನೀವು ಬಿಡಿಸಿ ನೋಡಿದ್ರಾ? ನೂಲಿನ ಬಲೆ ಇದೆಯಾ? ಒಳಗೆ ಕಪ್ಪು ಹಿಕ್ಕೆ ಇದೆಯಾ? ಇಲ್ಲ, ಎಲೆ ದಪ್ಪಗಾಗಿ ಕಡು ಹಸಿರಾಗಿ ಸುಕ್ಕುಗಟ್ಟಿ ಕಡ್ಡಿ ತುದಿ ಗಂಟು ಕಟ್ಟಿದ ಹಾಗಿದ್ದರೆ ಅದು ತುಕ್ರ. ಗುಲಾಬಿ ಹಿಟ್ಟು ತಿಗಣೆ ರಸ ಹೀರಿ ಆಗೋದು. ಎಲೆಯ ಎರಡು ಅಂಚು ಮೇಲಕ್ಕೆದ್ದು ದೋಣಿ ಥರ ಆಗಿದ್ದರೆ ಥ್ರಿಪ್ಸ್ ನುಸಿ. ಮೂರಕ್ಕೂ ಮದ್ದು ಬೇರೆ ಬೇರೆ. ತುಕ್ರಕ್ಕೆ ಕ್ರಿಪ್ಟೋಲೀಮಸ್ ಗುಲಗಂಜಿ ಹುಳು ಎಕರೆಗೆ 250 ಬಿಡ್ತಾರೆ. ಅದನ್ನ ಎಲೆ ಸುರುಳಿಗೆ ಬಿಟ್ಟರೆ ದುಡ್ಡು ದಂಡ.

ಬದದಾಚೆ
ಬಿಡಿಸಿ ನೋಡಿದೆ. ಬಲೆ ಇದೆ. ಹಿಕ್ಕೆ ಇದೆ. ತೆಳು ಹಸಿರು ಹುಳ, ಮುಟ್ಟಿದ್ರೆ ಪಟಕ್ಕನೆ ಹಿಂದಕ್ಕೆ ಜಾರಿ ನೂಲು ಹಿಡ್ಕೊಂಡು ನೇತಾಡುತ್ತೆ. 30 ಕಡ್ಡೀಲಿ 7ರಲ್ಲಿ ಇದೆ.

ಚಾಕಿಮನೆ
ಹಾಗಾದ್ರೆ ಅದೇ. ಈಗ ಮಾಡೋದು ಹೇಳ್ತೀನಿ.

ಕೈಯಲ್ಲಿ ಚಿವುಟಿ. ಸುರುಳಿ ಬಿಡಿಸೋಕೆ ಹೋಗಬೇಡಿ, ಜಾರಿ ಕೆಳಗೆ ಬೀಳುತ್ತೆ. ಸುರುಳಿಯನ್ನ ಬೆರಳಲ್ಲಿ ಒತ್ತಿ ಹಿಡಿದು ಅದರ ಕೆಳಗೆ ಕುಡಿ ಮುರೀಬೇಕು. ಸೊಂಟಕ್ಕೆ ಪ್ಲಾಸ್ಟಿಕ್ ಚೀಲ ಕಟ್ಕೊಳ್ಳಿ, ಚಿವುಟಿದ್ದು ನೇರ ಚೀಲಕ್ಕೆ. ಬದದ ಮೇಲೆ ಗುಡ್ಡೆ ಹಾಕಿದ್ರೆ ಸಂಜೆಯೊಳಗೆ ಹುಳ ಎದ್ದು ತೋಟಕ್ಕೇ ವಾಪಸ್. ಎಲ್ಲ ಮುಗಿದ ಮೇಲೆ ಲೀಟರ್ ನೀರಿಗೆ 5 ಗ್ರಾಂ ಸೋಪಿನ ಪುಡಿ ಲೆಕ್ಕದಲ್ಲಿ ಬಕೆಟಿಗೆ ಹಾಕಿ ಮುಳುಗಿಸಿ, ಇಲ್ಲ ಸುಟ್ಟುಬಿಡಿ. ಅರ್ಧ ಎಕರೆ ಅಂದ್ರೆ ಎರಡು ಆಳು ಒಂದು ಬೆಳಿಗ್ಗೆಯ ಕೆಲಸ. ವಾರ ಬಿಟ್ಟು ಇನ್ನೊಂದು ಸಲ, ಯಾಕಂದ್ರೆ ಇವತ್ತು ಮೊಟ್ಟೆಯಲ್ಲಿರೋದು ಆಗ ಸುರುಳಿ ಕಟ್ಟಿರುತ್ತೆ.

ಇನ್ನೊಂದು ನೆಪ್ಪಿರಲಿ. ಈ ಹುಳದ ಮರಿ ತಿನ್ನೋದು ಕುಡಿ ಎಲೆ. ಚಾಕಿ ಹುಳಕ್ಕೆ ಬೇಕಾಗಿರೋದೂ ಅದೇ ಎಳೇ ಎಲೆ. ಅದಕ್ಕೇ ಸಣ್ಣ ಪ್ರಮಾಣ ಅನ್ನಿಸಿದರೂ ಏಟು ಜೋರು.

ತೋಟದ ಲೆಕ್ಕ
ಇಲಾಖೆಯ ಹಳೇ ಕರಪತ್ರದಲ್ಲಿ ಕಟಾವಾದ ಎರಡು ವಾರಕ್ಕೆ ಡಿಡಿವಿಪಿ ಲೀಟರ್‌ಗೆ 1 ಎಂಎಲ್ ಅಂತ ಇದೆ. ಕೈಯಲ್ಲಿ ಚಿವುಟೋ ಕಾಲ ಹೋಯ್ತು ಸ್ವಾಮಿ, ಆಳು ಎಲ್ಲಿ ಸಿಗ್ತಾರೆ?

ಚಾಕಿಮನೆ
ಕರಪತ್ರ ಹಳೇದು ಅಂತ ನೀವೇ ಹೇಳಿದ್ರಲ್ಲ. ಡಿಡಿವಿಪಿ ಅಂದ್ರೆ ಡೈಕ್ಲೋರ್ವಾಸ್. 2018ರ ಆಗಸ್ಟ್‌ನ ಕೇಂದ್ರದ ಆದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧ ಅಂತ ಹಾಕಿದ ಪಟ್ಟಿಯಲ್ಲಿ ಅದೂ ಇದೆ, ಫೋರೇಟ್ ಹರಳೂ ಇದೆ. ಎಲ್ಲಾದರೂ ಮೂಲೇಲಿ ಹಳೇ ಡಬ್ಬಿ ಸಿಕ್ಕರೂ ಮುಟ್ಟಬೇಡಿ. ಆ ಔಷಧಿ ಸೊಪ್ಪಿಗೆ ಹೊಂದುತ್ತಿದ್ದದ್ದು ಬೇಗ ಆವಿಯಾಗಿ ಹೋಗ್ತಿತ್ತು ಅನ್ನೋ ಒಂದೇ ಕಾರಣಕ್ಕೆ. ಅದರ ಜಾಗಕ್ಕೆ ಗದ್ದೆ ಔಷಧಿ ತಂದು ಹೊಡೆಯೋದು ಇನ್ನೂ ಕೆಟ್ಟದ್ದು.

ಹೊಡೆಯಲೇಬೇಕು ಅಂದ್ರೆ ಬೇವಿನದು. ಕಟಾವಾದ ಮೊದಲ ಮೂರು ನಾಲ್ಕು ವಾರದೊಳಗೆ, ಸಂಜೆ ಹೊತ್ತು, ಕುಡಿ ತೋಯುವ ಹಾಗೆ. ಎಷ್ಟು ದಿನ ಬಿಟ್ಟು ಸೊಪ್ಪು ಕೊಡಬಹುದು ಅಂತ ನಿಮ್ಮ ರೇಷ್ಮೆ ವಿಸ್ತರಣಾಧಿಕಾರಿಯನ್ನ ಕೇಳಿ. ಅವರು ಹೇಳಿದ ಮೇಲೂ ಎರಡನೇ ಜ್ವರ (ಪೊರೆ ಬಿಡೋದು) ಎದ್ದ ಇಪ್ಪತ್ತು ರೇಷ್ಮೆ ಹುಳಕ್ಕೆ ಆ ಸೊಪ್ಪು ತಿನ್ನಿಸಿ ಒಂದು ದಿನ ನೋಡಿ. ಚೆನ್ನಾಗಿ ತಿಂದರೆ ಮಿಕ್ಕವಕ್ಕೆ.

ಹಸಿರು ಹಾದಿ
ಬಿಟಿ ಪುಡಿ ಇದೆಯಲ್ಲ, ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಸಾವಯವ. ಮನುಷ್ಯರಿಗೆ ಏನೂ ಆಗಲ್ಲ. ಅದನ್ನೇ ಎರಡಕ್ಕೂ ಹೊಡೀರಿ.

ಪತಂಗಪಟ್ಟಿ
ಅಯ್ಯೋ ಬೇಡ. ಆ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದೇ ಸತ್ತ ರೇಷ್ಮೆ ಹುಳುವಿನಲ್ಲಿ, 1901ರಲ್ಲಿ ಜಪಾನಿನಲ್ಲಿ ಇಶಿವಾತಾ ಅನ್ನೋರಿಗೆ. ರೇಷ್ಮೆ ಹುಳು ದಿಢೀರನೆ ಬಿದ್ದು ಸಾಯುವ ಕಾಯಿಲೆಗೆ ಕಾರಣ ಹುಡುಕುತ್ತಿದ್ದಾಗ. ಸಾವಯವ ಅಂದ ಮಾತ್ರಕ್ಕೆ ರೇಷ್ಮೆಗೆ ಕ್ಷೇಮ ಅಂತಲ್ಲ.

ಹಸಿರು ಹಾದಿ
ಇದು ಗೊತ್ತಿರಲಿಲ್ಲ. ಹಿಂದಕ್ಕೆ ತಗೊಂಡೆ.

ಎಡದಂಡೆ
ಗಂಗಾವತಿ ಕಡೆಯಿಂದ. ರೇಷ್ಮಿ ಮಾತು ನಿಮಗ ಬಿಟ್ಟೀನಿ, ನೆಲ್ಲಿಂದು (ಭತ್ತದ್ದು) ಹೇಳ್ತೀನಿ. ನಾಟಿ ಆಗಿ 32 ದಿನಕ್ಕ ಗರಿ ಮಡಚಿದ್ದು ನೋಡಿ ಎಣ್ಣಿ (ಔಷಧಿ) ಹೊಡಿಯೋದು ಎಲ್ಲಾರೂ ಮಾಡೋ ತಪ್ಪು. ಬಿಳಿ ಗೆರಿ ದೂರದಿಂದ ಕಾಣ್ತಾವ, ಕಣ್ಣಿಗಿ ಹೊಡಿತಾವ, ರೈತ ಹೆದರ್ತಾನ. ಖರೇ ಅಂದ್ರ ಆ ವಯಸ್ಸಿನ ಪೈರು ಹೊಸ ಗರಿ ತೆಗೀತಿರ್ತದ, ಹೋದದ್ದನ್ನ ತುಂಬ್ಕೋತದ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹಿಯಾಂಗ್ ಅನ್ನೋ ಕೀಟತಜ್ಞರು ವಿಯೆಟ್ನಾಮಿನ ಮೆಕಾಂಗ್ ಬಯಲಿನಾಗ ಇದನ್ನ ಹಿಡಕೊಂಡು 90ರ ದಶಕದಾಗ ದೊಡ್ಡ ಪ್ರಚಾರ ಮಾಡಿದ್ರು: ಮೊದಲ 40 ದಿನ ಗರಿ ತಿನ್ನೋ ಹುಳಕ್ಕ ಔಷಧಿ ಬ್ಯಾಡ ಅಂತ. ಹೊಡೀದವ್ರ ಇಳುವರಿ ಕಡಿಮಿ ಆಗ್ಲಿಲ್ಲ.

ತೋಟದ ಲೆಕ್ಕ
ಅದು ವಿಯೆಟ್ನಾಂ. ಇಲ್ಲಿ ಒಂದು ಬುಡಕ್ಕೆ ಎರಡು ಎಲೆ ಕೆಟ್ಟರೆ ಹೊಡೀರಿ ಅಂತ ಇದೆ.

ಗರಿ_ಎಣಿಕೆ
ಅರ್ಧ ಓದಿದೀರ. ಬುಡಕ್ಕೆ ಎರಡು ಹೊಸದಾಗಿ ಕೆಟ್ಟ ಗರಿ, ಒಳಗೆ ಜೀವಂತ ಹುಳ ಇರಬೇಕು. ಹಳೇ ಬಿಳಿ ಗೆರೆ ಲೆಕ್ಕಕ್ಕಿಲ್ಲ. ಗೆರೆ ಅಂದ್ರೆ ಹುಳ ತಿಂದು ಹೋದ ಜಾಗ, ಅದನ್ನ ಕೊಂದು ಏನು ಸಿಗುತ್ತೆ? ಇನ್ನೊಂದು ಲೆಕ್ಕ ಶೇಕಡಾದ್ದು: ತೆಂಡೆ (ಬುಡದಿಂದ ಬರೋ ಕವಲು) ಒಡೆಯೋ ಹಂತದಲ್ಲಿ 100ಕ್ಕೆ 10 ಗರಿ, ಹೊಡೆ ಹಂತದಿಂದ (ತೆನೆ ಇನ್ನೂ ಒಳಗಿರೋವಾಗ) ಕೊನೆ ಗರಿಗೆ 100ಕ್ಕೆ 5. ಬುಡಕ್ಕೆ 15 ತೆಂಡೆ, ತೆಂಡೆಗೆ 4 ಗರಿ ಅಂದ್ರೆ 60 ಗರಿ, ಅದರಲ್ಲಿ 10 ಪರ್ಸೆಂಟ್ ಅಂದ್ರೆ 6. ಎರಡು ಲೆಕ್ಕ ಹೊಂದಲ್ಲ ಅಂತ ಜಗಳ ಮಾಡ್ತಾರೆ. ಒಂದು ಲೆಕ್ಕದಲ್ಲಿ ಹುಳ ಇರೋ ಗರಿ, ಇನ್ನೊಂದರಲ್ಲಿ ಕೆಟ್ಟ ಗರಿ ಎಲ್ಲ. ಅಷ್ಟೇ ವ್ಯತ್ಯಾಸ.

ಎಣಿಸೋ ರೀತಿ: ಬದದಿಂದ ನಾಲ್ಕು ಹೆಜ್ಜೆ ಒಳಗೆ ಹೋಗಿ, ಗದ್ದೆಯ ಮೂಲೆಯಿಂದ ಮೂಲೆಗೆ ನಡೀತಾ 20 ಬುಡ. ಬದದ ಪಕ್ಕದ್ದು ಎಣಿಸಬೇಡಿ. ಅಲ್ಲಿ ನೆರಳು, ಹುಲ್ಲು, ಯಾವಾಗಲೂ ಜಾಸ್ತಿ ತೋರಿಸುತ್ತೆ. ಪ್ರತಿ ಮಡಿಕೆಯನ್ನೂ ಬಿಡಿಸಿ, ಹುಳ ಇದೆಯಾ ಖಾಲಿಯಾ ಅಂತ ಬೇರೆ ಬೇರೆ ಬರೀರಿ.

ಕಾಲುವೆ ಕೊನೆ
ಹುಳದ ಆಯಸ್ಸು ಎಷ್ಟು? ಸುಮ್ನಿದ್ರೆ ತಾನಾಗೇ ಹೋಗುತ್ತಾ?

ಗರಿ_ಎಣಿಕೆ
ಮೊಟ್ಟೆ 4ರಿಂದ 6 ದಿನ, ಎಲೆ ನಡುನರದ ಪಕ್ಕ ಚಪ್ಪಟೆಯಾಗಿ ಅಂಟಿಸಿರುತ್ತೆ. ಕಣ್ಣಿಗೆ ಸುಲಭಕ್ಕೆ ಬೀಳಲ್ಲ. ಮರಿಹುಳು 15ರಿಂದ 25 ದಿನ, ಐದು ಹಂತ. ಮೊದಲ ಹಂತದಲ್ಲಿ ಮಡಚಲ್ಲ, ಇನ್ನೂ ಬಿಚ್ಚದ ನಡುಗರಿ ಒಳಗೆ ಸೇರಿಕೊಂಡು ಕೆರೆಯುತ್ತೆ. ಎರಡನೇ ಹಂತದಿಂದ ಎರಡು ಅಂಚಿಗೆ ನೂಲು ಕಟ್ಟುತ್ತೆ. ನೂಲು ಒಣಗ್ತಾ ಬಿಗೀತದೆ, ಅಂಚುಗಳು ಹತ್ತಿರ ಬರ್ತವೆ. ಒಂದು ಗರಿ ಮುಗಿದ ಮೇಲೆ ಇನ್ನೊಂದಕ್ಕೆ, ಹೀಗೆ ಒಂದೇ ಹುಳ ಮೂರ್ನಾಲ್ಕು ಗರಿ ಕೆಡಿಸುತ್ತೆ. ಆಮೇಲೆ ಮಡಿಕೆಯಲ್ಲೇ ಅಥವಾ ಬುಡದ ಹತ್ತಿರ ಕೋಶ, 6ರಿಂದ 10 ದಿನ. ಒಟ್ಟು ಒಂದು ತಲೆಮಾರಿಗೆ ತಿಂಗಳು ಅಂತ ಇಟ್ಕೊಳ್ಳಿ.

ಪತಂಗ ಒಣಹುಲ್ಲಿನ ಬಣ್ಣ, ಮುಂದಿನ ರೆಕ್ಕೆ ಮೇಲೆ ಮೂರು ಕಂದು ಅಡ್ಡಗೆರೆ, ನಡುವಿನದು ಅರ್ಧಕ್ಕೇ ನಿಂತಿರುತ್ತೆ. ಪೈರಲ್ಲಿ ನಡೆದರೆ ಪುರ್ರನೆ ಎದ್ದು ಎರಡು ಮಾರು ಹಾರಿ ಗರಿ ಕೆಳಗೆ ಕೂರುತ್ತೆ. ಇವು ಜಾಸ್ತಿ ಏಳೋಕೆ ಶುರುವಾದರೆ ವಾರದಲ್ಲಿ ಮರಿ ಬಂತು ಅಂತ ಲೆಕ್ಕ.

ಪತಂಗಪಟ್ಟಿ
ಅದೇ ಎರಡು ಮಾರು ಹಾರುವ ಪತಂಗ ಸಮುದ್ರ ದಾಟುತ್ತೆ ಅಂದ್ರೆ ನಂಬ್ತೀರಾ? ಭಾರತದಿಂದ ಆಗ್ನೇಯ ಏಷ್ಯಾ, ಚೀನಾ, ಕೊರಿಯಾ, ಜಪಾನ್, ಕೆಳಗೆ ಆಸ್ಟ್ರೇಲಿಯಾವರೆಗೂ ಇದೆ. ಜಪಾನಿನ ಚಳಿಯಲ್ಲಿ ಉಳಿಯೋಕೆ ಇದಕ್ಕೆ ಆಗಲ್ಲ. ವರ್ಷ ವರ್ಷ ಮಳೆಗಾಲದ ಗಾಳಿ ಹಿಡಿದು ಚೀನಾ ಕಡೆಯಿಂದ ಹೊಸದಾಗಿ ಬರುತ್ತೆ. ನಮ್ಮಲ್ಲಿ ಆ ತಾಪತ್ರಯ ಇಲ್ಲ. ಕಾಲುವೆ ಬಯಲಲ್ಲಿ ವರ್ಷಪೂರ್ತಿ ಎಲ್ಲೋ ಒಂದು ಕಡೆ ಭತ್ತ ಇದ್ದೇ ಇರುತ್ತೆ, ಇಲ್ಲದಿದ್ದರೆ ಕಾಡು ಸಾವೆ, ಗರಿಕೆ, ಕಬ್ಬು, ಜೋಳ.

ಹಿಪ್ಪುನೇರಳೆಗೂ ಇಂಥದೇ ಕಥೆ, ಉಲ್ಟಾ. ಕಾಶ್ಮೀರ, ಚೀನಾ, ಜಪಾನ್, ಇರಾನಿನ ಗಿಲಾನ್ ಕಡೆ ಸೊಪ್ಪು ಸುತ್ತೋದು ಗ್ಲೈಫೋಡಿಸ್ ಪೈಲೋಆಲಿಸ್, ನಮ್ಮದರ ದಾಯಾದಿ. ಅದು ಚಳಿಗಾಲವಿಡೀ ತೊಗಟೆ ಸಂದಿಯಲ್ಲಿ, ತರಗೆಲೆ ಒಳಗೆ ಮರಿಹುಳುವಾಗಿಯೇ ಮಲಗುತ್ತೆ. ನಮ್ಮ ಪಲ್ವೆರುಲೆಂಟಾಲಿಸ್ ದಕ್ಷಿಣದ್ದು, ಕರ್ನಾಟಕದ ತೋಟಗಳಲ್ಲಿ 1990ರ ದಶಕದ ಮಧ್ಯದಿಂದ ದೊಡ್ಡ ಪೀಡೆಯಾಯ್ತು. ಇದು ಮಲಗೋದಿಲ್ಲ. ಮುಂಗಾರು ಬಿದ್ದ ಮೇಲೆ ಏರಿ, ಮಳೆಗಾಲದ ಕೊನೆಗೆ ತುದಿ ಮುಟ್ಟಿ, ಬೇಸಿಗೆಗೆ ಇಳಿಯುತ್ತೆ.

ಚಾಕಿಮನೆ
ಕೋಶದ ವಿಚಾರ ಸೇರಿಸ್ತೀನಿ. ಸೊಪ್ಪಿನ ಹುಳ ಬೆಳೆದ ಮೇಲೆ ಕೆಳಗಿಳಿದು ಒಣ ತರಗು, ಮಣ್ಣಿನ ಮೇಲ್ಪದರದಲ್ಲಿ ಕೋಶ ಕಟ್ಟುತ್ತೆ. ಅದಕ್ಕೇ ಮುಂದಿನ ಕಟಾವಾದ ಕೂಡಲೇ ತರಗು ಗುಡಿಸಿ ತೆಗೆದು, ಸಾಲು ಉತ್ತು, ಒಂದು ಸಲ ನೀರು ತುಂಬಿಸಿ. ಅರ್ಧ ಪೀಡೆ ಅಲ್ಲೇ ಮುಗೀತದೆ. ಹನಿ ನೀರಾವರಿ ಮಾಡಿ ಉಳುಮೆ ಬಿಟ್ಟವರ ತೋಟದಲ್ಲಿ ಜಾಸ್ತಿ ಕಾಣೋದೂ ಇದಕ್ಕೇ.

ಎಡದಂಡೆ
ನೆಲ್ಲಿಗಿ ಮುಳ್ಳು ಎಳೀರಿ. ಬಾರಿ ಮುಳ್ಳು, ಜಾಲಿ ಮುಳ್ಳು ಯಾವುದಾದ್ರೂ ಒಂದು ಹೊರಿ ಹಗ್ಗಕ್ಕ ಕಟ್ಟಿ, ಆ ಬದುವಿನಾಗ ಒಬ್ಬ ಈ ಬದುವಿನಾಗ ಒಬ್ಬ. ಹೋಗ್ತಾ ಒಮ್ಮಿ, ಬರ್ತಾ ಒಮ್ಮಿ. ಒಂದೇ ದಿಕ್ಕಿಗಿ ಎಳೆದ್ರ ಗರಿ ಬಾಗಿ ಮಡಿಕಿ ಬಿಚ್ಚಂಗಿಲ್ಲ. ಹುಳ ನೀರಿಗಿ ಬೀಳ್ತದ, ಕಪ್ಪಿ ಕೊಕ್ಕರಿ ನೋಡ್ಕೋತಾವ. ಹೊಡಿ ಕಟ್ಟೋಕಿಂತ ಮೊದ್ಲ ಮಾತ್ರ.

ತೋಟದ ಲೆಕ್ಕ
ಸೀಮೆಎಣ್ಣೆ ಹಗ್ಗ ಎಳೀತಾರಲ್ಲ, ಅದೂ ಆಗುತ್ತಾ?

ಗರಿ_ಎಣಿಕೆ
ಅದು ಕೊಳವೆ ಹುಳುವಿಗೆ. ಗರಿ ತುದಿ ಕತ್ತರಿಸಿ ಕೊಳವೆ ಮಾಡ್ಕೊಂಡು ನೀರಲ್ಲಿ ತೇಲುತ್ತೆ ನೋಡಿ, ಅದು. ಹಗ್ಗ ತಾಗಿದರೆ ಕೊಳವೆ ಸಮೇತ ಉದುರುತ್ತೆ. ಗರಿ ಸುತ್ತೋದು ನೂಲಲ್ಲಿ ಹೊಲಿದುಕೊಂಡು ಕೂತಿರುತ್ತೆ, ಬರೀ ಹಗ್ಗಕ್ಕೆ ಜಗ್ಗಲ್ಲ.

@ಎಡದಂಡೆ ಮುಳ್ಳಿನ ವಿಚಾರಕ್ಕೆ ಒಂದು ತಕರಾರು ಇದೆ. ಗರಿಗೆ ಗೀರು ಬಿದ್ದರೆ ದುಂಡಾಣು ಅಂಗಮಾರಿ ರೋಗ ಒಳಕ್ಕೆ ನುಗ್ಗೋಕೆ ಬಾಗಿಲು ತೆಗೆದ ಹಾಗೆ. ಗರಿ ತುದಿಯಿಂದ ಅಂಚಿಗುಂಟ ಹಳದಿ ಅಲೆಅಲೆಯಾಗಿ ಇಳೀತಿದ್ದರೆ ಮುಳ್ಳು ಎಳೀಲೇಬಾರದು. ಇಬ್ಬನಿ ಆರದೆ ಎಳೀಬಾರದು.

ಎಡದಂಡೆ
ಹೌದ್ರಿ, ಅದು ಖರೇ. ಅಂಗಮಾರಿ ಇದ್ದ ಮಡಿ ಬಿಟ್ಟು ಎಳೀಬೇಕು. ಬಿಸಿಲು ಏರಿದ ಮ್ಯಾಲ.

ಮತ್ತ ಯೂರಿಯಾ ಯಾರೂ ಕೇಳ್ಲಿಲ್ಲ. @ಬದದಾಚೆ ಎಷ್ಟು ಹಾಕೀರಿ?

ಬದದಾಚೆ
ನಾಟಿ ಆದ 20 ದಿನಕ್ಕೆ ಮುಕ್ಕಾಲು ಎಕರೆಗೆ ಒಂದೂವರೆ ಮೂಟೆ. ಅದಕ್ಕೂ ಮುಂಚೆ ಕಾಂಪ್ಲೆಕ್ಸ್ ಗೊಬ್ಬರ ಹಾಕಿತ್ತು.

ಎಡದಂಡೆ
ಸಿಕ್ತು ನೋಡ್ರಿ ಕಾರಣ.

ಗರಿ_ಎಣಿಕೆ
ಲೆಕ್ಕ ಹಾಕೋಣ. ನೀರಾವರಿ ಭತ್ತಕ್ಕೆ ಎಕರೆಗೆ 40 ಕಿಲೋ ಸಾರಜನಕ. ಮುಕ್ಕಾಲು ಎಕರೆಗೆ 30. ಯೂರಿಯಾದಲ್ಲಿ 46 ಪರ್ಸೆಂಟ್, ಮೂಟೆ 45 ಕಿಲೋ. ಒಂದೂವರೆ ಮೂಟೆ ಅಂದ್ರೆ 67 ಕಿಲೋ, ಅದರಲ್ಲಿ 31 ಕಿಲೋ ಸಾರಜನಕ. ಅಂದ್ರೆ ಇಡೀ ಬೆಳೆಗೆ ಮೂರು ಕಂತಲ್ಲಿ ಹಾಕಬೇಕಾದ್ದನ್ನ ಒಂದೇ ಏಟಿಗೆ, ಕಾಂಪ್ಲೆಕ್ಸಿನದು ಬೇರೆ ಮೇಲಕ್ಕೆ. ಗರಿ ಕಪ್ಪು ಹಸಿರಾಗಿ ಅಗಲವಾಗಿ ಮೆತ್ತಗಾಗುತ್ತೆ, ಪತಂಗ ಹುಡುಕ್ಕೊಂಡು ಬಂದು ಮೊಟ್ಟೆ ಇಡುತ್ತೆ. ಮುಂದಿನ ಕಂತು ನಿಲ್ಲಿಸಿ, ಗರಿ ಬಣ್ಣ ತಿಳಿಯಾದ ಮೇಲೆ ನೋಡಿದರಾಯ್ತು.

ಮಲ್ಲಿಗೆ_ಚೆಂಡು
ವಿಷಯಾಂತರಕ್ಕೆ ಕ್ಷಮೆ ಇರಲಿ. ಉಡುಪಿ ಕಡೆ ಮಲ್ಲಿಗೆ ಗಿಡದಲ್ಲೂ ಹೀಗೇ ಎಲೆಗೆ ಬಲೆ ಕಟ್ಟಿ ಒಳಗಿಂದ ಕೆರೆದು ಎಲೆ ಜಾಲರಿ ಹಾಗೆ ಆಗ್ತದೆ. ಇದೇ ಬಳಗವಾ?

ಪತಂಗಪಟ್ಟಿ
ಬಳಗವೇ, ಬೇರೆ ಹುಳ. ನಾಸಿನೋಯಿ ಜಿಯೊಮೆಟ್ರಾಲಿಸ್, ಮಲ್ಲಿಗೆ ಜಾತಿಗೆ ಬೀಳುತ್ತೆ. ನೆರಳಲ್ಲಿರುವ ಕೆಳಗಿನ ಎಲೆಗಳಲ್ಲಿ ಜಾಸ್ತಿ. ಗಿಡದ ಒಳಗೆ ಬೆಳಕಾಡುವ ಹಾಗೆ ಸವರಿ. ಹತ್ತಿ, ಬೆಂಡೆ, ದಾಸವಾಳದ ಎಲೆಯನ್ನ ತುತ್ತೂರಿ ಥರ ಸುತ್ತೋದು ಹರಿಟಾಲೋಡಿಸ್ ಡೆರೊಗಾಟಾ, ಅದಕ್ಕೆ ದಾಸವಾಳದ ಕುಟುಂಬವೇ ಬೇಕು. ಕಡಲೆಕಾಯಿ ಸುರುಳಿ ಪೂಚಿ ಅಂತೀರಲ್ಲ, ಅಪ್ರೊಯೆರೆಮಾ, ಅದು ಮೊದಲು ಎಲೆ ಪದರದ ಒಳಗೆ ಸುರಂಗ ಕೊರೆದು ಆಮೇಲೆ ಸುತ್ತೋದು, ಕುಟುಂಬವೇ ಬೇರೆ. ಬಾಳೆ ಎಲೆ ಸುತ್ತೋದಂತೂ ಪತಂಗವೇ ಅಲ್ಲ, ಚಿಟ್ಟೆ. ಸುರುಳಿ ಬಿಚ್ಚಿದರೆ ಬಿಳಿ ಹಿಟ್ಟು ಮೆತ್ತಿಕೊಂಡ ಹುಳ.

ಕಾಲುವೆ ಕೊನೆ
ಮನೆ ಮುಂದಿನ ತುಳಸಿ ಎಲೇನೂ ಸುತ್ತಿದೆ. ಅದು ಯಾವ ನಾಯಕರು?

ಪತಂಗಪಟ್ಟಿ
ಆರ್ಫನೊಸ್ಟಿಗ್ಮಾ ಅಬ್ರಪ್ಟಾಲಿಸ್. ಪುದೀನಕ್ಕೂ ಬರುತ್ತೆ. ತುಳಸಿಗೆ ಔಷಧಿ ಹೊಡೀಬೇಡಿ, ತೀರ್ಥಕ್ಕೆ ಹಾಕೋ ಎಲೆ. ಚಿವುಟಿ.

ತೋಟದ ಲೆಕ್ಕ
ಸರಿ, ಹೊಡೆ ಹಂತಕ್ಕೆ ಬಂದಾಗ ಭತ್ತಕ್ಕೆ ಜಾಸ್ತಿಯಾದರೆ ಆಗ ಏನು ಮಾಡೋದು? ಕೊನೆ ಗರಿ ಹೋದರೆ ಕಾಳು ಜೊಳ್ಳು. ಪಕ್ಕದಲ್ಲಿ ಸೊಪ್ಪಿದೆ ಅಂತ ಭತ್ತ ಬಿಡೋಕಾಗುತ್ತಾ?

ಗರಿ_ಎಣಿಕೆ
ನ್ಯಾಯವಾದ ಪ್ರಶ್ನೆ. ಅಲ್ಲಿಗೆ ಹೋಗದ ಹಾಗೆ ಈಗಿಂದ ಮಾಡೋದು ಟ್ರೈಕೊಗ್ರಾಮಾ ಚಿಲೋನಿಸ್ ಕಾರ್ಡು, ಅಂದ್ರೆ ಪೀಡೆಯ ಮೊಟ್ಟೆ ಕೊಲ್ಲೋ ಸಣ್ಣ ಕಣಜ ಅಂಟಿಸಿರೋ ಕಾರ್ಡು. ಹೆಕ್ಟೇರಿಗೆ ಒಂದು ಲಕ್ಷ, ಅಂದ್ರೆ 20 ಸಾವಿರದ ಕಾರ್ಡು ಎಕರೆಗೆ ಎರಡು. ನಾಟಿಯಾದ 37, 44, 51ನೇ ದಿನ. ನಿಮ್ಮದು 32, ಸಮಯ ಇದೆ. ಕಾರ್ಡನ್ನ ಸಣ್ಣ ತುಂಡು ಮಾಡಿ ಗರಿಯ ಅಡಿಗೆ ಪಿನ್ ಹೊಡೀರಿ, ಸಂಜೆ ಹೊತ್ತು. ಇರುವೆ ಹತ್ತದ ಹಾಗೆ, ಮಳೆ ನೇರ ಬೀಳದ ಹಾಗೆ. ಇದು ಮೊಟ್ಟೆಯನ್ನ ಮಾತ್ರ ಕೊಲ್ಲೋದು, ಮರಿಯಾದ ಮೇಲೆ ಬಿಟ್ಟು ಕೆಲಸ ಮಾಡಲಿಲ್ಲ ಅಂತ ಬೈಬೇಡಿ. ಕಾರ್ಡು ಇಟ್ಟ ವಾರದೊಳಗೆ ಔಷಧಿ ಹೊಡೆದರೆ ಎರಡೂ ದಂಡ.

ಮಡಿಕೆ ಬಿಡಿಸೋವಾಗ ಕೆಂಪು ಮೈಗೆ ನೀಲಿಗಪ್ಪು ಪಟ್ಟೆ ಇರೋ ಸಣಕಲು ಜೀರುಂಡೆ ಸಿಕ್ಕರೆ ಕೊಲ್ಲಬೇಡಿ. ಒಫಿಯೋನಿಯಾ ಅದು, ಮಡಿಕೆ ಒಳಗೇ ನುಗ್ಗಿ ಹುಳ ತಿನ್ನುತ್ತೆ. ಜೇಡವೂ ಅಷ್ಟೇ.

ಇಷ್ಟರ ಮೇಲೂ 100ಕ್ಕೆ 5 ದಾಟಿದರೆ ಹೊಡೀರಿ, ಆದರೆ ಸೊಪ್ಪು ಕಟಾವಾಗಿ ಬರೀ ಬೊಡ್ಡೆ ಇರೋ ದಿನ ನೋಡಿ. ಗಾಳಿ ತೋಟದಿಂದ ಗದ್ದೆ ಕಡೆ ಬೀಸ್ತಿರಬೇಕು. ಪವರ್ ಸ್ಪ್ರೇಯರ್ ಬೇಡ, ಕೈ ಪಂಪು, ನಾಜಲ್ ಗರಿ ಮಟ್ಟಕ್ಕೆ ಇಳಿಸಿ. ಬದದ ಪಕ್ಕ ಐದಾರು ಮಾರು ಹೊಡೆಯದೆ ಬಿಡಿ. ಪಂಪು ತೊಳೆದ ನೀರು ತೋಟದ ಕಾಲುವೆಗೆ ಹೋಗಬಾರದು.

ಚಾಕಿಮನೆ
ಆ ಪಂಪನ್ನ ಸೊಪ್ಪಿಗೆ ಯಾವತ್ತೂ ಬಳಸಬೇಡಿ. ಬೇವಿನೆಣ್ಣೆಗೂ ಬೇಡ. ಕಾರ್ಟಾಪ್ ಹರಳನ್ನೂ ಗದ್ದೆಗೆ ಎರಚಬಹುದು ಅಂತ ಯಾರಾದ್ರೂ ಹೇಳ್ತಾರೆ. ಅದೂ ರೇಷ್ಮೆಗೆ ವಿಷವೇ. ಹರಳು ತುಂಬಿದ ಕೈಯಲ್ಲಿ ಸೊಪ್ಪು ಕುಯ್ಯೋ ಕುಡುಗೋಲು ಮುಟ್ಟೋ ಜನ ಇದಾರೆ.

ಬದದಾಚೆ
20 ಬುಡ ಎಣಿಸಿದೆ. ಮಡಿಚಿದ ಗರಿ ಒಟ್ಟು 46. ಬಿಡಿಸಿದ್ರೆ ಹುಳ ಇದ್ದದ್ದು 17, ಖಾಲಿ 22, ಮಿಕ್ಕ 7ರಲ್ಲಿ ಹುಳದ ಪಕ್ಕ ಅಕ್ಕಿಕಾಳಿಗಿಂತ ಸಣ್ಣ ಬಿಳಿ ಹತ್ತಿಯಂಥ ಗೂಡು. ಇದು ಏನು?

ಗರಿ_ಎಣಿಕೆ
ಅದು ನಿಮ್ಮ ಕಡೆಯವರು. ಪರಾವಲಂಬಿ ಕಣಜದ ಗೂಡು, ಹುಳದ ಒಳಗೆ ಬೆಳೆದು ಹೊರಗೆ ಬಂದು ಕಟ್ಟಿಕೊಂಡಿದ್ದು. ಬುಡಕ್ಕೆ ಒಂದು ಜೀವಂತ ಹುಳವೂ ಬೀಳಲಿಲ್ಲ, ಮಿತಿ ಎರಡು. ಹೊಡೀಬೇಡಿ. ಗೂಡಿರೋ ಗರಿ ಕೀಳಬೇಡಿ. ಮುಳ್ಳು ಎಳೆಯೋದೂ ಈಗ ಬೇಡ. ಐದು ದಿನ ಬಿಟ್ಟು ಮತ್ತೆ ಎಣಿಸಿ ಇಲ್ಲೇ ಹಾಕಿ.

ಬದದಾಚೆ
ಆಯ್ತು. ಸೊಪ್ಪಿಗೆ ಚಿವುಟೋಕೆ ನಾಳೆ ಬೆಳಿಗ್ಗೆ ಇಬ್ಬರು ಬರ್ತಾರೆ. ಬಾಟಲಿ ಏನು ಮಾಡೋದು?

ಕಾಲುವೆ ಕೊನೆ
ಬಿಲ್ ಇದ್ರೆ ವಾಪಸ್ ಕೊಡಿ. ಇಲ್ದಿದ್ರೆ ಹುಳುಮನೆ ಅಟ್ಟದ ಮೇಲಂತೂ ಇಡ್ಬೇಡಿ.